ಮೂಡಲಗಿ ಬಸ್ಸಿನ ಮುಂದೆ ಓಡಿದ್ದು

ಅವರ ಹಣೆಯ ವಿಭೂತಿ ಹುಕ್ಕೇರಿ ಬಿಡುವಾಗ ಮೂರು ಪಟ್ಟೆ ಇರುತ್ತಿತ್ತಂತೆ. ಘಟಪ್ರಭಾ ಊರು ಸೇರಿ ನಮ್ಮ ಓಣಿಯ ಎದುರು ಬರುವ ಹೊತ್ತಿಗೆ ಬೆವರಿನಲ್ಲಿ ಕರಗಿ, ಹುಬ್ಬಿನ ಮೇಲಿನ ಸುಕ್ಕಿನೊಳಗೆ ಒಂದೇ ಒಂದು ಬಿಳಿ ಗೆರೆ ಉಳಿದಿರುತ್ತಿತ್ತು. ಬಾಗಿಲಲ್ಲಿ ಅರ್ಧ ಮೈ ಹೊರಗೆ ಹಾಕಿ, ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಮುದುಕಿಯರ ಗಂಟುಗಳನ್ನು ತಾವೇ ಎತ್ತಿ ಒಳಗಿಡುವರು, ಇಡುತ್ತಲೇ ಬೈಯುವರು: "ಏನ್ ಕಲ್ಲ ತುಂಬೀಯೇನವಾ ಇದರಾಗ?" ಹುಕ್ಕೇರಿಯಿಂದ ಮೂಡಲಗಿಗೆ ಹೋಗುವ ಮುಂಜಾನೆಯ ಬಸ್ಸಿನ ಕಂಡಕ್ಟರು ಅವರು. ನನಗೆ ಸಂಬಂಧಿಕರಲ್ಲ, ನೆರೆಯವರಲ್ಲ. ನಿಜ ಹೇಳಬೇಕೆಂದರೆ ನಾನು ಅವರ ಬಸ್ಸಿನ ಸರಿಯಾದ ಪ್ರಯಾಣಿಕಳೂ ಅಲ್ಲ.

ಅವ್ವ ತೀರಿಕೊಂಡ ವರ್ಷ ಅದು. ಹಾಸಿಗೆ ಹಿಡಿದ ಅವ್ವನನ್ನು ಬಹಳ ವರ್ಷ ನಾನೊಬ್ಬಳೇ ನೋಡಿಕೊಂಡಿದ್ದೆ. ಮದುವೆ ಆಗಲಿಲ್ಲ, ಆಗಲೇಬೇಕೆಂದು ಯಾರೂ ಜೋರು ಮಾಡಲೂ ಇಲ್ಲ. ಅವ್ವನನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತಲ್ಲ. ಕತ್ತಲಿರುವಾಗಲೇ ಎದ್ದು ಅವಳ ಮಗ್ಗುಲು ಬದಲಿಸಿ, ಮೈ ಒರೆಸಿ, ಚಹಾ ಕುಡಿಸಿ, ಆಮೇಲೆ ಬ್ಲೌಸು ಹೊಲಿಯಲು ಕೂಡುತ್ತಿದ್ದೆ. ಅವಳು ಹೋದ ಮೇಲೂ ಎಚ್ಚರ ಅದೇ ಹೊತ್ತಿಗೆ ಆಗುತ್ತಿತ್ತು. ಎದ್ದು ಮಾಡುವುದೇನು? ಖಾಲಿ ಮಂಚ ನೋಡುತ್ತಾ ಕೂಡುವುದು. ದವಾಖಾನೆಯಲ್ಲಿ ಸಕ್ಕರೆ ಕಾಯಿಲೆ ಇದೆ, ದಿನಾ ನಡೆಯಿರಿ ಎಂದರು. ನಡೆದೆ. ನಡೆದರೆ ವಿಚಾರಗಳೂ ಜೊತೆಗೆ ನಡೆಯುತ್ತಿದ್ದವು. ಅವುಗಳಿಂದ ತಪ್ಪಿಸಿಕೊಳ್ಳಲು ಒಂದು ದಿನ ಓಡಿದೆ, ಅಷ್ಟೇ.

ಓಡಿದೆ ಅಂದರೆ ಒಂದು ಲೈಟಿನ ಕಂಬದಿಂದ ಇನ್ನೊಂದು ಕಂಬದವರೆಗೆ. ಪಕ್ಕೆಯಲ್ಲಿ ಚಳಕು, ಬಾಯಲ್ಲಿ ಕಬ್ಬಿಣದ ರುಚಿ. ಮರುದಿನ ಮೊಣಕಾಲು ಮೆಟ್ಟಿಲು ಇಳಿಯಗೊಡಲಿಲ್ಲ. ಬಿಳಿ ಕ್ಯಾನ್ವಾಸ್ ಬೂಟು ಕೊಳ್ಳಲು ಹೋದರೆ ಅಂಗಡಿಯವನು, "ಮಗಳು ಎಷ್ಟನೇ ಇಯತ್ತಾದಾಗ ಅದಾಳ್ರಿ?" ಎಂದು ಕೇಳಿದ. "ಎಂಟನೇ" ಎಂದು ಇಲ್ಲದ ಮಗಳಿಗೆ ಒಂದು ತರಗತಿ ಕೊಟ್ಟು ಬಂದೆ.

ನಮ್ಮ ಕಡೆ ಹೆಂಗಸೊಬ್ಬಳು ರಸ್ತೆಯ ಮೇಲೆ ಓಡಿದರೆ ಅದಕ್ಕೆ ಎರಡೇ ಅರ್ಥ: ಮನೆಯಲ್ಲಿ ಏನೋ ಆಗಿದೆ, ಇಲ್ಲವೇ ಬಸ್ಸು ತಪ್ಪುತ್ತಿದೆ. ಓಡಿ ಬರುವವರನ್ನು ಬಿಟ್ಟು ಹೋಗುವ ಪೈಕಿಯವರಲ್ಲ ಈ ಕಂಡಕ್ಟರು. ಬೆನ್ನ ಹಿಂದೆ ಉದ್ದನೆಯ ಸೀಟಿ ಕೇಳಿತು, ಬಸ್ಸು ನನ್ನ ಪಕ್ಕವೇ ನಿಂತಿತು. "ಹತ್ರಿ ಅಕ್ಕಾರ, ಹತ್ರಿ. ನಿಮ್ಮನ್ನ ಬಿಟ್ಟ ಹೋಗತೇವೇನು? ಇಷ್ಟ್ಯಾಕ ಓಡತೀರಿ!" ಕಿಟಕಿಯ ತುಂಬ ಮುಖಗಳು. ಸುಮ್ಮನೆ ಓಡುತ್ತಿದ್ದೇನೆ ಎಂದು ಆ ಮುಖಗಳಿಗೆ ಹೇಳಲು ನಾಲಿಗೆ ಏಳಲಿಲ್ಲ. ಹತ್ತಿಬಿಟ್ಟೆ! ಕಾಲುವೆ ಹತ್ತಿರದ ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದುಕೊಂಡು ಮನೆಗೆ ಬಂದೆ. ಮರುದಿನವೂ ಅದೇ. ಕೆಲವು ವಾರ ಹೀಗೇ ನಡೆಯಿತು. ನಾನು ಓಡುವುದು, ಅವರು ಪಾಪ ಎಂದು ಬಸ್ಸು ನಿಲ್ಲಿಸುವುದು, ನಾನು ನಾಚಿಕೆಗೆ ಹತ್ತುವುದು. ಹೊತ್ತು ಬದಲಿಸಬಹುದಿತ್ತು. ಬದಲಿಸಲಿಲ್ಲ. ಇಡೀ ದಿನದಲ್ಲಿ ನನ್ನನ್ನು ಯಾರಾದರೂ ಬಾ ಎಂದು ಕರೆಯುತ್ತಿದ್ದುದು ಅದೊಂದೇ ಸಲ.

ಮೇಲವಂಕಿಯಲ್ಲಿರುವ ನಮ್ಮ ಅಕ್ಕನಿಗೆ ಹೇಗೋ ಸುದ್ದಿ ಮುಟ್ಟಿ ಫೋನು ಬಂತು. "ಅವ್ವ ಹೋಗಿ ವರ್ಷ ತುಂಬಿಲ್ಲ, ರೋಡ್ ಮ್ಯಾಲ ಓಡತಿಯಂತ. ಮಂದಿ ಏನಂದಾರು?" ಊಟ ಮಾಡಿದೆಯಾ ಎಂದು ಮಾತ್ರ ಕೇಳಲಿಲ್ಲ.

ಒಂದು ದಿನ ನಾನು ಹತ್ತಿದ ಮೇಲೆ ಕಂಡಕ್ಟರು ಸೀಟಿ ಊದಲಿಲ್ಲ. ನನ್ನ ಹತ್ತಿರ ಬಂದು ದನಿ ಇಳಿಸಿದರು. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ದಿನಾ ಓಡಿ ಬಂದು ಹತ್ತತೀರಿ, ಕಾಲುವಿ ಕಡೆ ಇಳೀತೀರಿ. ಅಲ್ಲಿ ಮನಿ ಇಲ್ಲ, ಮಂದಿ ಇಲ್ಲ. ಬರೇ ಕಬ್ಬು, ನೀರು. ನನಗ ನಿದ್ದಿ ಹತ್ತವಲ್ದು. ಖರೆ ಹೇಳ್ರಿ, ಏನ ವಿಚಾರ ಮಾಡೀರಿ?"

ಕಾಲುವೆಯ ಏರಿಯ ಮೇಲೆ ಒಂದೆರಡು ಸಲ ಬಹಳ ಹೊತ್ತು ನಿಂತು ನೀರು ನೋಡಿದ್ದೆ. ಏನು ವಿಚಾರ ಮಾಡುತ್ತಿದ್ದೆ ಎಂಬುದನ್ನು ಅಕ್ಕನಿಗಿರಲಿ, ನನಗೇ ಹೇಳಿಕೊಂಡಿರಲಿಲ್ಲ. ಕಣ್ಣು ತುಂಬಿ ಬಂದವು. "ನಾ ಬಸ್ಸಿಗಂತ ಓಡಾಕತ್ತಿಲ್ರಿ" ಎಂದೆ. "ಸುಮ್ನ ಓಡಾಕತ್ತೇನಿ. ನೀವ ನಿಲ್ಲಸ್ತೀರಿ, ನಾ ಹತ್ತತೀನಿ."

ಬಸ್ಸಿಗೆ ಬಸ್ಸೇ ನಕ್ಕಿತು. ಅವರು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, "ಕಾಲುವಿ?" ಎಂದರು.

"ಇನ್ನ ಹೋಗಂಗಿಲ್ರಿ."

"ಹಂಗಾರ ಇಳಿ ತಂಗೀ. ಓಡು." ನಾನು ಕೆಳಗಿಳಿದ ಮೇಲೆ ಸೀಟಿ ಊದಿದರು.

ಅಂದಿನಿಂದ ಬಸ್ಸು ನನ್ನ ಪಕ್ಕ ಬಂದಾಗ ನಿಧಾನವಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. "ಸಾವಕಾಶ ತಂಗೀ, ಹಿಂದ ಯಾರೂ ಬೆನ್ನ ಹತ್ತಿಲ್ಲ" ಎಂಬುದು ಅವರ ದಿನದ ಮಾತು. ಓಟದ ಬಗ್ಗೆ ಅವರಿಗೆ ಏನೂ ತಿಳಿಯದು. ಕಾರಣವಿಲ್ಲದೆ ಬೆವರು ಸುರಿಸುವುದು ಶುದ್ಧ ಹುಚ್ಚು ಎಂದೇ ಅವರ ಅಭಿಪ್ರಾಯ, ಅದನ್ನೂ ಬಾಗಿಲಿನಿಂದ ಕೂಗಿ ಹೇಳಿದ್ದರು. ಆದರೆ ಅವರ ಮಾತಿಗೆ ನಾನು ನಿಧಾನ ಮಾಡಿದೆ, ಪಕ್ಕೆಯ ಚಳಕು ನಿಂತಿತು. ಒಂದು ಕಂಬ ಹೋಗಿ ನಾಲ್ಕಾಯಿತು, ಮಳೆಗಾಲ ಮುಗಿಯುವಷ್ಟರಲ್ಲಿ ದೂರದ ಹುಣಸೆ ಮರಗಳವರೆಗೆ ನಿಲ್ಲದೆ ಓಡತೊಡಗಿದೆ. ಜ್ವರ ಬಂದು ಮಲಗಿದ್ದ ಒಂದು ದಿನ, ಅವರು ಓಣಿಯ ಬಾಯಲ್ಲಿ ಬಸ್ಸು ನಿಲ್ಲಿಸಿ, ಮಂದಿ ಗೊಣಗುತ್ತಿದ್ದರೂ ಮನೆ ಕೇಳಿಕೊಂಡು ಬಂದು ಬಾಗಿಲು ಬಡಿದರು. ತೆರೆದೆ. "ಅದೀಯಲ್ಲ, ಸಾಕು" ಎಂದವರೇ ತಿರುಗಿ ಬಸ್ಸಿನ ಕಡೆ ಓಡಿದರು. ಅವರು ಓಡಿದ್ದನ್ನು ನಾನು ಕಂಡದ್ದು ಆಗ ಮಾತ್ರ.

ಕಳೆದ ಚಳಿಗಾಲದಲ್ಲಿ ಬಸ್ಸಿನ ಬಾಗಿಲಲ್ಲಿ ಬೇರೆ ಮುಖ ಕಂಡಿತು. ರಜೆ ಇರಬೇಕು ಎಂದುಕೊಂಡೆ. ರಜೆ ಬಹಳ ಉದ್ದವಾಯಿತು. ಕೊನೆಗೆ ನಾನೇ ಕೈ ಅಡ್ಡ ಮಾಡಿ ಬಸ್ಸು ನಿಲ್ಲಿಸಿದೆ. ಡ್ರೈವರು ತಲೆ ಹೊರಗೆ ಹಾಕಿದ. "ಕಾಕಾ ಹೋಗಿಬಿಟ್ರಲ್ರಿ. ಹಾರ್ಟು. ಅವರೂರ ಕಣಗಲಾದಾಗ ಮಣ್ಣ ಮಾಡಿ ತಿಂಗಳಾಗಾಕ ಬಂತು. ನಿಮಗ ಯಾರೂ ಹೇಳಲಿಲ್ಲೇನು?"

ಯಾರು ಹೇಳಬೇಕು? ನಾನು ಅವರಿಗೆ ಏನಾಗಬೇಕೆಂದು ಹೇಳಬೇಕು? ಅಷ್ಟು ದಿನ ಸತ್ತವರ ದಾರಿ ಕಾಯುತ್ತಾ ಓಡಿದ್ದೆ. ಅವ್ವ ಹೋದಾಗ ಮನೆ ತುಂಬ ಮಂದಿ ಸೇರಿದ್ದರು. ಈ ಸಾವಿಗೆ ನನ್ನ ಜೊತೆ ಅಳುವವರು ಒಬ್ಬರೂ ಇರಲಿಲ್ಲ.

ಆ ರವಿವಾರ ಕಣಗಲಾಕ್ಕೆ ಹೋದೆ. ಹೆದ್ದಾರಿಯಲ್ಲಿ ಇಳಿದು ಕೇಳುತ್ತಾ ಕೇಳುತ್ತಾ ಮನೆ ಹುಡುಕಿದೆ. ಅವರ ಹೆಂಡತಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದರು. ನಾನು ಯಾರೆಂದು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ನಾ ಘಟಪ್ರಭಾದಾಕಿ ರೀ. ಮುಂಜಾನಿ ಬಸ್ಸು..." ಎಂದು ತಡವರಿಸಿದೆ.

"ಓಡಾಕಿ ಏನ್ ನೀನು?" ಎಂದು ಮೊರ ಸರಿಸಿ ಎದ್ದೇಬಿಟ್ಟರು.

ಕೈ ಹಿಡಿದು ಕೂಡಿಸಿಕೊಂಡರು. "ದಿನಾ ಅವರು ಡ್ಯೂಟಿಯಿಂದ ಬಂದು ಕಾಲ ತೊಳಕೊಳ್ಳೂಕಿಂತ ಮೊದ್ಲ ನಾ ಕೇಳತಿದ್ದೆ, ಇವತ್ತ ಬಂದಿದ್ಲೇನ್ರಿ ಅಂತ. ಬಂದಿದ್ಲು ಅಂದ್ರ ಇಬ್ಬರೂ ಉಣ್ಣಾಕ ಕೂಡತಿದ್ವಿ. ಒಂದಿನಾ ಅಂಗಳದಾಗಿಂದ್ಲೇ ಒದರಿದ್ರು ನೋಡವಾ, ಇವತ್ತ ಆ ತಂಗಿ ನಕ್ಕಳು ಅಂತ."

ನಾನು ಗೋಡೆ ನೋಡುತ್ತಾ ಒಬ್ಬಳೇ ಉಣ್ಣುತ್ತಿದ್ದ ಆ ದಿನಗಳಲ್ಲಿ, ನಾನು ಕಂಡೇ ಇರದ ಒಂದು ಮನೆಯಲ್ಲಿ ಇಬ್ಬರು ನನ್ನ ಸುದ್ದಿ ಕೇಳಿಕೊಂಡ ಮೇಲೆಯೇ ತಾಟಿಗೆ ಕೈ ಹಾಕುತ್ತಿದ್ದರು. ಅದು ನನಗೆ ತಿಳಿದದ್ದು ಅವರು ಮಣ್ಣಾದ ಮೇಲೆ. ಮರುದಿನವೂ ಮುಂಜಾನೆ ಬೂಟು ಕಟ್ಟಿಕೊಂಡು ರಸ್ತೆಗೆ ಬಂದೆ. ಅಳುತ್ತಾ ಓಡಲು ಉಸಿರು ಸಾಲುವುದಿಲ್ಲ. ಅವತ್ತೊಂದು ದಿನ ನಡೆದೆ.