ಗುಡುಗಣ್ಣನ ಮನೆಯ ಅರೆತಲೆನೋವು

ಅವನಿಗೆ ಗುಡುಗಣ್ಣ ಎಂದು ಹೆಸರಿಟ್ಟವಳು ಅವನ ಸ್ವಂತ ಅಕ್ಕ. ತಗಡಿನ ಕೆಲಸದವನು. ನನ್ನ ಹೊಲಿಗೆ ಅಂಗಡಿಯ ಎದುರಿಗೇ ಅವನ ಅಂಗಡಿ, ಅಂಗಡಿಯ ಮೇಲೆ ಮನೆ. ಟ್ರಂಕು, ಬಕೆಟ್ಟು, ಎಣ್ಣೆ ಸುರಿಯುವ ಆಲಿಕೆ, ಮಾಡಿನ ನೀರು ಇಳಿಯುವ ದೋಣಿ, ಹೀಗೆ ತಗಡಿನಲ್ಲಿ ಆಗುವುದೆಲ್ಲ ಅವನ ಕೈಯಲ್ಲಿ ಆಗುತ್ತಿತ್ತು. ಬೆಳಗ್ಗೆ ಬಾಗಿಲು ತೆಗೆದನೆಂದರೆ ಊಟದ ಹೊತ್ತಿನವರೆಗೆ ಢಣ ಢಣ. ಚಿಕ್ಕಂದಿನಿಂದ ಆ ಸದ್ದಿನಲ್ಲೇ ಬೆಳೆದವನಿಗೆ ಮದುವೆಯ ಹೊತ್ತಿಗೆ ಕಿವಿ ಅರ್ಧ ಹೋಗಿತ್ತು. ಕಿವಿ ಹೋದಷ್ಟೂ ಗಂಟಲು ಬೆಳೆಯಿತು. ಪಕ್ಕದಲ್ಲಿ ಕೂತವರ ಜೊತೆಗೂ ಹೊಳೆಯ ಆಚೆ ದಡದಲ್ಲಿರುವವರನ್ನು ಕರೆದ ಹಾಗೆ ಮಾತಾಡುತ್ತಿದ್ದ. ಅವನ ಕಿವಿಗೆ ಗುಟ್ಟು ಹೇಳುವವರು ಮೊದಲು ಬೀದಿಯ ಅಪ್ಪಣೆ ಕೇಳಬೇಕು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಹೆಂಡತಿ ಮೆಲುದನಿಯವಳು. ಗಂಡನ ಆರ್ಭಟ ಅವಳಿಗೆ ಮೊದಮೊದಲು ನಗೆಯ ವಿಷಯ. "ನಮ್ಮನೆಯವರು ಉಪ್ಪು ಕೇಳಿದ್ರೆ ಎರಡು ಮನೆಯವರು ಉಪ್ಪು ತಗೊಂಡು ಬರ್ತಾರೆ, ಅಣ್ಣ" ಎಂದು ನನ್ನ ಹತ್ತಿರ ರವಿಕೆ ಹೊಲಿಸಲು ಬಂದಾಗ ಹೇಳಿದ್ದಳು. ಇಬ್ಬರೂ ಚೆನ್ನಾಗಿದ್ದರು. ಅವಳು ಮೇಲಿನಿಂದ ಬಗ್ಗಿ ಕೈಸನ್ನೆ ಮಾಡಿದರೆ ಊಟ, ಎರಡು ಸಲ ಮಾಡಿದರೆ ಯಾರೋ ಬಂದಿದ್ದಾರೆ ಎಂದು ಅರ್ಥ.

ಮಗಳು ಹುಟ್ಟಿದ ಮೇಲೆ ಆ ತಲೆನೋವು ಶುರುವಾಯಿತು. ಮೊದಲು ಎಡಗಣ್ಣಿನ ಮುಂದೆ ಏನೋ ಮಿಂಚಿದ ಹಾಗೆ, ಬಿಸಿಲಿಗೆ ಹಿಡಿದ ತಗಡಿನ ಅಂಚು ಹೊಳೆದ ಹಾಗೆ ಕಾಣುತ್ತಿತ್ತಂತೆ. ಅದಾಗಿ ಸ್ವಲ್ಪ ಹೊತ್ತಿಗೆ ತಲೆಯ ಒಂದೇ ಮಗ್ಗುಲಲ್ಲಿ ನೋವು. ಆಮೇಲೆ ವಾಂತಿ. ಬೆಳಕು ಬೇಡ, ಸದ್ದು ಬೇಡ, ಒಗ್ಗರಣೆಯ ವಾಸನೆ ಬೇಡ. ಕಿಟಕಿಗೆ ಕಂಬಳಿ ಇಳಿಬಿಟ್ಟು ಮಲಗಿಬಿಟ್ಟರೆ ಒಂದು ಹಗಲು, ಕೆಲವು ಸಲ ಮರುದಿನವೂ ಹಾಗೇ.

ಮೊದಲ ಔಷಧಿ ತಂದವಳು ಅಕ್ಕ. ಹಿಂದಿನ ಬೀದಿಯಲ್ಲಿದ್ದಳು, ಸುದ್ದಿ ಮುಟ್ಟಿದ ಕೂಡಲೆ ಒಣಶುಂಠಿ ಹಿಡಿದು ಬಂದಳು. ಕಲ್ಲಿನ ಮೇಲೆ ನೀರು ಚಿಮುಕಿಸಿ ತೇಯ್ದು ಹಣೆಯ ತುಂಬ ಬಳಿದಳು.

"ಉರೀತಿದೆ ಅತ್ತಿಗೆ."

"ಉರೀಲಿ. ಉರಿದ್ರೆ ಎಳೀತಿದೆ ಅಂತ ಅರ್ಥ."

ಎಳೆದದ್ದು ಚರ್ಮವನ್ನು. ಮರುದಿನ ಹಣೆ ಕೆಂಪಗೆ ಸುಲಿದಿತ್ತು. ನೋವು ಒಳಗೇ ಇತ್ತು. ಅಕ್ಕ ಅದನ್ನು ನೋಡಿ ಬೇಜಾರು ಮಾಡಿಕೊಂಡು ಸುಟ್ಟ ಜಾಗಕ್ಕೆ ಬೆಣ್ಣೆ ಹಚ್ಚಿ, ಸಂಜೆ ಬರುವಾಗ ಲವಂಗ ತಂದಳು. ಅವಳು ಕೆಟ್ಟವಳಲ್ಲ. ತಮ್ಮನ ಹೆಂಡತಿ ಗೋಡೆಗೆ ತಲೆ ಒತ್ತಿಕೊಂಡು ನರಳುವುದನ್ನು ಕೈಕಟ್ಟಿ ನೋಡಲಾರದವಳು, ಅಷ್ಟೇ.

ಆಮೇಲೆ ಬೀದಿಯೇ ವೈದ್ಯನಾಯಿತು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ ಎಂದರು. ಕಟ್ಟಿದರು, ಬಿಚ್ಚಿದಾಗ ಇನ್ನೂ ಜೋರಾಯಿತು. ಗಟ್ಟಿ ಕಾಫಿ ಎಂದರು. ಕಾಫಿ ಒಂದು ಸಲ ಕೆಲಸ ಮಾಡಿತು. ಆ ದಿನ ಗುಡುಗಣ್ಣ ಬೀದಿಗಿಳಿದು, ಕಾಫಿ ಹೇಳಿದ ಹಾಲಿನವಳಿಗೆ ಕೈ ಮುಗಿದ. ಮುಂದಿನ ಸಲ ಅದೇ ಕಾಫಿ ಹೊಟ್ಟೆಯಲ್ಲಿ ನಿಲ್ಲಲೇ ಇಲ್ಲ. ಬಿಸಿನೀರಿನಲ್ಲಿ ಕಾಲಿಡುವುದು, ನಿಂಬೆಹಣ್ಣಿನ ಸಿಪ್ಪೆ ಕಣತಲೆಗೆ ಉಜ್ಜುವುದು, ಮೆಣಸಿನ ಹೊಗೆ. ಮೆಣಸಿನ ಹೊಗೆಗೆ ಮನೆಯವರೆಲ್ಲ ಸೀನಿ ಸೀನಿ ಸುಸ್ತಾದರು, ಅವಳಿಗೆ ಸೀನು ಒಂದೊಂದೂ ತಲೆಯೊಳಗೆ ಸುತ್ತಿಗೆ. ಹೇಳಿದವರಿಗೆಲ್ಲ ಅವರವರ ಮದ್ದಿನಿಂದ ವಾಸಿಯಾಗಿತ್ತು. ಇವಳೊಬ್ಬಳಿಗೇ ಇಲ್ಲ. ತಣ್ಣೀರಿನ ಬಟ್ಟೆ ಹಣೆಗಿಟ್ಟರೆ ಮಾತ್ರ, ಬಟ್ಟೆ ಬೆಚ್ಚಗಾಗುವವರೆಗೆ ಸ್ವಲ್ಪ ಹಾಯೆನಿಸುತ್ತಿತ್ತು.

ಗುಡುಗಣ್ಣನ ಪಾಡು ಬೇರೆ. ಹೆಂಡತಿಯ ಹತ್ತಿರ ಕೂತು, ಬಗ್ಗಿ, ಅಕ್ಕರೆಯಿಂದ "ಈಗ ಹೇಗಿದೆ?" ಎಂದು ಕೇಳುತ್ತಿದ್ದ. ಅದು ನನ್ನ ಅಂಗಡಿಗೆ ಕೇಳಿಸುತ್ತಿತ್ತು. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ಹೊರಳುತ್ತಿದ್ದಳಂತೆ.

ಒಂದು ಮಧ್ಯಾಹ್ನ ಅವನು ಬೀದಿ ದಾಟಿ ನನ್ನ ಹತ್ತಿರ ಬಂದ. ಗಿರಾಕಿ ಯಾರೂ ಇರಲಿಲ್ಲ.

"ದರ್ಜಿಯಣ್ಣ, ನಂಗೆ ಪಿಸುಮಾತು ಕಲಿಸ್ಕೊಡಿ."

ನಾನು ನಕ್ಕೆ. ಅವನು ನಗಲಿಲ್ಲ. ಸರಿ ಎಂದು ಹೊಲಿಗೆ ಯಂತ್ರ ನಿಲ್ಲಿಸಿ ಕೂರಿಸಿಕೊಂಡೆ.

"ಈಗ ಹೇಗಿದೆ?" ಎಂದ.

"ಅದು ಮಾತು. ಇನ್ನೂ ಇಳಿಸು."

"ಈಗ ಹೇಗಿದೆ?"

"ಅದೂ ಮಾತೇ."

ಇಳಿಸಿದ. ಬರೀ ತುಟಿ ಅಲ್ಲಾಡಿತು, ನನಗೆ ಏನೂ ಕೇಳಲಿಲ್ಲ. "ಇದೇನು, ಬಾಯಿ ಆಡಿಸ್ತಾ ಇದೀಯ ಅಷ್ಟೇ" ಎಂದೆ. ಸ್ವಲ್ಪ ಏರಿಸಿದ. ಎದುರುಗಡೆ ಮಲಗಿದ್ದ ನಾಯಿ ತಲೆ ಎತ್ತಿತು. ಹೀಗೇ ಬಹಳ ಹೊತ್ತು ನಡೆಯಿತು. ಕೊನೆಗೆ ಅವನು ಕೈ ಚೆಲ್ಲಿದ.

"ನಂಗೆ ನನ್ನ ದನಿನೇ ಕೇಳ್ಸಲ್ಲ ಅಣ್ಣ. ನಂಗೆ ಕೇಳ್ಸೋವಷ್ಟು ಎತ್ತಿದ್ರೆ ಅವಳಿಗೆ ಏಟು ಬೀಳುತ್ತೆ. ಅವಳಿಗೆ ಹಿತವಾಗೋವಷ್ಟು ಇಳಿಸಿದ್ರೆ ಮಾತಾಡಿದೀನೋ ಇಲ್ವೋ ಅಂತ ನಂಗೇ ಗೊತ್ತಾಗಲ್ಲ. ಎಲ್ಲಿ ನಿಲ್ಲಿಸ್ಲಿ?"

ಆಮೇಲೆ ಅವನು ಮಂಚದ ಹತ್ತಿರ ಮಾತಾಡುವುದನ್ನೇ ಬಿಟ್ಟ.

ಆದರೆ ಕೆಲಸ ಬಿಡುವುದು ಹೇಗೆ? ಹೊಟ್ಟೆಗೆ ತಗಡೇ ದಿಕ್ಕು. ಶಾಲೆಗಳು ತೆರೆಯುವ ಮುಂಚೆ ಹಾಸ್ಟೆಲ್ ಮಕ್ಕಳ ಟ್ರಂಕುಗಳಿಗೆ ಸುಗ್ಗಿ. ಒಂದು ವರ್ಷ ಸರಿಯಾಗಿ ಆ ಸುಗ್ಗಿಯಲ್ಲೇ ಅವಳ ನೋವು ಬಿಡದೆ ಹಿಡಿಯಿತು. ಗುಡುಗಣ್ಣ ಮೊದಲು ಗೋಣಿಚೀಲ ಹಾಸಿ ಅದರ ಮೇಲೆ ತಗಡು ಬಡಿದ. ಸದ್ದು ಕಮ್ಮಿಯಾಯಿತು, ಮುಚ್ಚಳ ಸೊಟ್ಟಗಾಯಿತು. ಆಮೇಲೆ ದಿಮ್ಮಿ, ಸುತ್ತಿಗೆ, ತಗಡೆಲ್ಲ ಕೈಗಾಡಿಯಲ್ಲಿ ಹೇರಿಕೊಂಡು ಬೀದಿಯ ಕೊನೆಯ ಸೌದೆ ಡಿಪೋದ ಹಿಂದಿನ ಬಯಲಿಗೆ ಹೋಗಿ ಅಲ್ಲಿ ಬಡಿಯಲು ಕೂತ. ಬಿಸಿಲಿಗೆ ತಗಡು ಕಾದು ಮುಟ್ಟಲಾಗುತ್ತಿರಲಿಲ್ಲ. ಡಿಪೋದ ಯಜಮಾನ ಬಂದು, "ಏನಪ್ಪ, ನಿನ್ನ ಮನೆ ತಲೆನೋವು ತಂದು ನನ್ನ ತಲೆಗೆ ಕಟ್ತೀಯಲ್ಲ?" ಎಂದ. ತಮಾಷೆಗೇ ಹೇಳಿದ್ದು, ಆದರೆ ಗಾಡಿ ವಾಪಸ್ಸು ಬಂತು. ಅರ್ಧ ಟ್ರಂಕುಗಳು ಹಾಗೇ ಉಳಿದವು. ಗಿರಾಕಿಗಳು ಪೇಟೆಯ ಅಂಗಡಿಗೆ ಹೋದರು.

ಇನ್ನೊಂದು ಸಲ ಅವಳ ಕೋಣೆಯನ್ನು ಕತ್ತಲೆ ಮಾಡುತ್ತೇನೆಂದು ಕಿಟಕಿಗೆ ಅಳತೆ ತೆಗೆದು ತಗಡಿನ ಕದ ಮಾಡಿ ಕೂರಿಸಿದ. ಒಂದು ಎಳೆ ಬೆಳಕೂ ಬಾರದ ಹಾಗೆ, ಬಹಳ ಚೆಂದದ ಕೆಲಸ. ಹನ್ನೆರಡು ಗಂಟೆಗೆ ಕೋಣೆ ಒಲೆಯ ಹಾಗೆ ಕಾದುಹೋಯಿತು. ಅವಳೇ ಎದ್ದು, ತೂರಾಡುತ್ತ, ಅದನ್ನು ಕಿತ್ತು ಕೆಳಗಿಟ್ಟಳು. ಅವನು ಅದನ್ನು ಕತ್ತರಿಸಿ ಆಲಿಕೆ ಮಾಡಿದ.

ಕೊನೆಗೆ ನನ್ನ ಗಿರಾಕಿಯೊಬ್ಬರು ಹೇಳಿದ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ದಾರಿಗೆ ಜೊತೆಯಿರಲಿ ಎಂದು ನನ್ನನ್ನೂ ಕರೆದಿದ್ದ. ಸಣ್ಣ ಕ್ಲಿನಿಕ್ಕು, ಎರಡು ಬೆಂಚು. ಡಾಕ್ಟರಮ್ಮ ಹೆಂಡತಿಯನ್ನು ಕೇಳಿದ ಪ್ರಶ್ನೆಗೆಲ್ಲ ಇವನೇ ಉತ್ತರ ಕೊಡುತ್ತಿದ್ದ, ಆ ದನಿಯಲ್ಲಿ. ಹೊರಗೆ ಕೂತ ರೋಗಿಗಳಿಗೆಲ್ಲ ಅವಳ ವಾಂತಿಯ ವಿವರ ತಿಳಿಯಿತು.

"ನೀವು ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ತೀರಾ?" ಎಂದರು ಆಕೆ.

ಕೂತ. ಆಕೆ ಕಣ್ಣು ನೋಡಿದರು, ಕೈಕಾಲು ನೋಡಿದರು, ನಿಧಾನವಾಗಿ ಎಲ್ಲ ಕೇಳಿದರು. ಇದು ಅರೆತಲೆನೋವು, ಮೈಗ್ರೇನ್ ಅಂತಾರೆ ಎಂದರು. ಬುಡಸಮೇತ ಕೀಳುವ ಔಷಧಿ ಇಲ್ಲ, ಹಗುರ ಮಾಡಬಹುದು. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ಮಿಂಚು ಕಾಣಿಸಿದ ಕೂಡಲೆ ಮಾತ್ರೆ, ಕತ್ತಲ ಕೋಣೆ, ತಣ್ಣೀರಿನ ಬಟ್ಟೆ. ಮಾತು ತೊದಲಿದರೆ, ಕೈಕಾಲು ಸೋತರೆ, ಎಂದೂ ಇಲ್ಲದಂಥ ನೋವು ಒಮ್ಮೆಗೇ ಬಂದರೆ ಮಾತ್ರ ಕಾಯದೆ ಆಸ್ಪತ್ರೆಗೆ ಓಡಬೇಕು.

ಗುಡುಗಣ್ಣ ಆಕೆಯ ತುಟಿಗಳನ್ನೇ ನೋಡುತ್ತಿದ್ದ. "ನನ್ನ ಸುತ್ತಿಗೆಯಿಂದ ಬಂದಿದ್ದಾ ಡಾಕ್ಟ್ರೇ?"

"ಇಲ್ಲಪ್ಪ. ನೋವು ಬಂದಾಗ ಸದ್ದು ತಡೆಯೋಕಾಗಲ್ಲ, ನಿಜ. ಆದ್ರೆ ನೋವು ತಂದಿದ್ದು ನೀವಲ್ಲ. ಕೆಲವರ ಮೈಯೇ ಹಾಗೆ."

ಯಾರಾದರೂ ಇದನ್ನು ಕೇಳಿ ನೆಮ್ಮದಿಯ ನಿಟ್ಟುಸಿರು ಬಿಡುತ್ತಾರೆ. ಇವನು ಬಿಡಲಿಲ್ಲ. ವಾಪಸ್ಸು ಬರುವ ದಾರಿಯಲ್ಲಿ ಹೆಂಡತಿ ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದಾಗ ನನ್ನ ಕಡೆ ತಿರುಗಿ ಹೇಳಿದ: "ಸುತ್ತಿಗೆಯಿಂದ ಅಂದಿದ್ರೆ ಇವತ್ತೇ ಮಾರ್ತಿದ್ದೆ ಅಣ್ಣ. ಬೇರೆ ಏನಾದ್ರೂ ಮಾಡ್ಕೊಂಡು ತಿನ್ಬೋದಿತ್ತು. ಈಗ ಏನು ಬಿಡ್ಲಿ ಹೇಳಿ? ಬಿಡೋಕೂ ಏನೂ ಇಲ್ವಲ್ಲ." ಮುಂದೆ ಹೋಗುತ್ತಿದ್ದವಳಿಗೆ ಅದು ಕೇಳದೆ ಇರಲು ಸಾಧ್ಯವೇ ಇರಲಿಲ್ಲ. ಅವಳು ತಿರುಗಿ ನೋಡಲಿಲ್ಲ, ನಡಿಗೆ ಮಾತ್ರ ನಿಧಾನ ಮಾಡಿ ಅವನನ್ನು ಜೊತೆಗೆ ಕೂಡಿಕೊಂಡಳು.

ಮಾತ್ರೆಯಿಂದ ಒಂದಷ್ಟು ಗುಣವಾಯಿತು. ಎರಡು ಸಲ ಬಂದರೆ ಒಂದು ಸಲ ತಡೆಯುತ್ತಿತ್ತು. ತಡೆಯದ ದಿನಗಳಲ್ಲಿ ಗುಡುಗಣ್ಣ ಅಂಗಡಿ ಮುಚ್ಚಿ ಮಹಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ನೀರಿನ ಪಾತ್ರೆ, ಬಟ್ಟೆ ಪಕ್ಕದಲ್ಲಿ. ಒಂದು ದಿನ ಅವಳಿಗೆ ರೇಗಿತು. ಅವತ್ತು ನಾನು ಹೊಲಿದ ಬಟ್ಟೆ ಕೊಡಲು ಹೋಗಿ ಮೆಟ್ಟಿಲ ಕೆಳಗೆ ನಿಂತಿದ್ದೆ.

"ರೀ, ನೀವು ಹೀಗೆ ಕೂತ್ರೆ ನನ್ನ ನೋವು ಕಮ್ಮಿ ಆಗುತ್ತಾ? ಹೋಗಿ, ಕೆಲ್ಸ ನೋಡಿ."

ಅವನು ಕೈಯಲ್ಲಿ ಕೇಳಿದ: ಹೋದರೆ ಕಮ್ಮಿ ಆಗುತ್ತಾ?

"ಇಲ್ಲ" ಎಂದಳು ಅವಳು, ಅಳುತ್ತ.

ಅವನು ಕೂತಲ್ಲೇ ಕೂತ. ನಾನು ಬಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಬಂದುಬಿಟ್ಟೆ.

ಹೀಗೇ ವರ್ಷಗಳು ಕಳೆದವು. ಅಕ್ಕ ಮುದುಕಿಯಾದಳು, ಮದ್ದು ತರುವುದನ್ನು ಕಮ್ಮಿ ಮಾಡಿದಳು. ಮಗಳು ಬೆಳೆದು ಹೈಸ್ಕೂಲಿಗೆ ಹೋಗತೊಡಗಿದಳು. ಅಮ್ಮನ ಮೆಲುದನಿ, ಅಪ್ಪನ ತಮಾಷೆ. ಅಪ್ಪನ ಕಿವಿ ಪೂರ್ತಿ ಮಂದವಾಗಿದ್ದರಿಂದ ಅವಳು ಅವನ ಮುಖದ ಮುಂದೆ ನಿಂತು, ತುಟಿ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು.

ಒಂದು ದಿನ ಅವಳು ಶಾಲೆಯಿಂದ ಊಟದ ಹೊತ್ತಿಗೇ ವಾಪಸ್ಸು ಬಂದಳು. ಬೀದಿ ದಾಟುವಾಗ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಳು. ಅಂಗಡಿಯ ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡಿದಳು.

"ಅಪ್ಪಾ, ನಿನ್ನ ಮುಖ ಅರ್ಧ ಕಾಣಿಸ್ತಿಲ್ಲ."

ಗುಡುಗಣ್ಣ ಸುತ್ತಿಗೆ ಕೆಳಗಿಟ್ಟು ನಕ್ಕ. "ಕಾಣೋ ಅರ್ಧ ನೋಡ್ಕೋ ಮಗಳೇ, ಇನ್ನರ್ಧ ಅಷ್ಟೇನೂ ಚೆನ್ನಾಗಿಲ್ಲ!"

ಮೇಲೆ ಅನ್ನ ಬಸಿಯುತ್ತಿದ್ದ ಹೆಂಡತಿಗೆ ಮಗಳ ಮಾತು ಕೇಳಿಸಿತು. ಮೆಟ್ಟಿಲನ್ನು ದಡದಡ ಇಳಿದು ಬಂದಳು. ಎಂದೂ ಹಾಗೆ ಇಳಿದವಳಲ್ಲ. ಮಗಳ ಗದ್ದ ಹಿಡಿದು, "ಮಿಂಚ್ತಾ ಇದೆಯಾ? ಅಂಚಲ್ಲಿ?" ಎಂದು ಕೇಳಿದಳು. ಹುಡುಗಿ ಹೂಂ ಎಂದು ತಲೆ ಆಡಿಸಿದಳು. ತಾಯಿಯ ಮುಖದ ರಕ್ತ ಇಳಿದದ್ದು ನನಗೆ ಬೀದಿಯ ಈಚೆಯಿಂದಲೂ ಕಂಡಿತು. ಗುಡುಗಣ್ಣ ಒಮ್ಮೆ ಹೆಂಡತಿಯನ್ನು, ಒಮ್ಮೆ ಮಗಳನ್ನು ನೋಡಿದ. ಅವನ ನಗು ಇನ್ನೂ ಮುಖದ ಮೇಲೇ ಇತ್ತು, ತೆಗೆಯಲು ಮರೆತವನ ಹಾಗೆ.

ಮೇಲೆ ಕರೆದುಕೊಂಡು ಹೋದರು. ಕಂಬಳಿ ಇಳಿಬಿಟ್ಟರು. ಹುಡುಗಿ ವಾಂತಿ ಮಾಡಿಕೊಂಡಳು. ಅಮ್ಮ ತಣ್ಣೀರಿನ ಬಟ್ಟೆ ಇಟ್ಟಳು, ತೆಗೆದು ಮತ್ತೆ ಅದ್ದಿ ಇಟ್ಟಳು. ತನ್ನ ಮಾತ್ರೆಯ ಡಬ್ಬಿಯನ್ನು ಕೈಗೆ ತಗೊಂಡು, ಡಾಕ್ಟರಮ್ಮನನ್ನು ಕೇಳದೆ ಮಗುವಿಗೆ ಹೇಗೆ ಕೊಡುವುದೆಂದು ಕೆಳಗಿಟ್ಟಳು. ಕ್ಲಿನಿಕ್ಕು ತೆರೆಯುವುದು ಸಂಜೆಗೆ. ಹುಡುಗಿ ಅಮ್ಮನ ಸೆರಗು ಹಿಡಿದು, "ಅಮ್ಮಾ, ನಿಂಗೆ ಗೊತ್ತಲ್ವಾ ಇದು? ಏನಾದ್ರೂ ಮಾಡು. ನಿಂಗೆ ಗೊತ್ತಲ್ವಾ?" ಎಂದು ಕೇಳುತ್ತಲೇ ಇದ್ದಳಂತೆ. ಇದನ್ನು ಆ ತಾಯಿಯೇ ಆಮೇಲೆ ನನಗೆ ಹೇಳಿದ್ದು. "ಎಲ್ಲಾ ಗೊತ್ತು ಅಣ್ಣ. ಹೇಗೆ ಬರುತ್ತೆ, ಹೇಗೆ ಏರುತ್ತೆ, ಎಲ್ಲಾ ಗೊತ್ತು. ಮಾಡೋದೊಂದು ಗೊತ್ತಿಲ್ಲ."

ಸ್ವಲ್ಪ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಕೆಳಗೆ ಬಂದು ಅರ್ಧ ಮಾಡಿದ್ದ ಟ್ರಂಕಿನ ಮೇಲೆ ಪಕ್ಕಪಕ್ಕ ಕೂತರು. ನನಗೆ ನೋಡಲಾಗಲಿಲ್ಲ. ಎದ್ದು ಅವರ ಹತ್ತಿರ ಹೋದೆ. ಹೋಗಿ ನಿಂತು ಬಾಯಿಗೆ ಬಂದದ್ದು ಹೇಳಿದೆ.

"ನಮ್ಮಮ್ಮ ಕೊತ್ತಂಬರಿ ಬೀಜ ನೆನೆಸಿ ಅರೆದು ಹಣೆಗೆ ಹಚ್ತಿದ್ರು, ತಂಗಿ. ತಂಪು ಅಂತ."

ಆ ಮದ್ದನ್ನು ಅವಳಿಗೆ ಬೀದಿಯಲ್ಲಿ ಎಷ್ಟು ಜನ ಹೇಳಿದ್ದರೋ. ಆದರೂ ಮೊದಲ ಸಲ ಕೇಳಿದವಳ ಹಾಗೆ ಕೇಳಿಸಿಕೊಂಡಳು. "ಮನೇಲಿ ಇದೆ, ನೆನೆಸಿಡ್ತೀನಿ ಅಣ್ಣ" ಎಂದು ಮೇಲೆ ಹೋದಳು.

ಸಂಜೆ ಡಾಕ್ಟರಮ್ಮ ನೋಡಿ, ತಾಯಿಯದೇ ನೋವು ಎಂದರು. ವಯಸ್ಸಿಗೆ ತಕ್ಕ ಮಾತ್ರೆ ಬರೆದುಕೊಟ್ಟರು. ಕೆಲವರಿಗೆ ವಯಸ್ಸಾದಂತೆ ತಾನಾಗೇ ಕಮ್ಮಿಯಾಗುತ್ತದೆ, ಕೆಲವರಿಗೆ ಇಲ್ಲ ಎಂದರು. ಯಾರಿಗೆ ಎಂದು ಗುಡುಗಣ್ಣ ಕೇಳಿದ. ಹೇಳಲಾಗುವುದಿಲ್ಲ ಎಂದರು.

ಈಗ ಆ ಮನೆಯಲ್ಲಿ ಇಬ್ಬರು. ಹೆಚ್ಚಾಗಿ ಒಬ್ಬರಾದ ಮೇಲೆ ಒಬ್ಬರಿಗೆ ಬರುತ್ತದೆ. ಹೋದ ವಾರ ಇಬ್ಬರಿಗೂ ಒಟ್ಟಿಗೇ ಬಂತು. ಬೆಳಗ್ಗೆ ನಾನು ಅಂಗಡಿ ತೆಗೆಯುವಾಗ ಗುಡುಗಣ್ಣ ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ. ಹೇಗಿದ್ದಾರೆ ಎಂದು ಕೈಯಲ್ಲಿ ಕೇಳಿದೆ. ಅವನು ತಲೆ ಅಲ್ಲಾಡಿಸಿದ. ಇಲ್ಲ ಎಂದೋ, ಹಾಗೇ ಎಂದೋ ತಿಳಿಯಲಿಲ್ಲ. ಪಾತ್ರೆ ತುಂಬಿ ಹೊರಗೆ ಚೆಲ್ಲುತ್ತಿತ್ತು. ಅವನು ಮಹಡಿಯ ಕಿಟಕಿಯ ಕಡೆ ನೋಡುತ್ತ ನಿಂತಿದ್ದ. ನಾನೇ ಹೋಗಿ ನಲ್ಲಿ ನಿಲ್ಲಿಸಿದೆ.