ನಾಗೇಶಣ್ಣನ ಫೋನು ಮಾತಾಡುವವರೆಗೆ

ನಾಗೇಶಣ್ಣನ ಫೋನು ಮಾತಾಡುವುದನ್ನು ಮೊದಲ ಸಲ ಕೇಳಿದವರು ಯಾರೂ ಅದು ಮಾತು ಎಂದು ಒಪ್ಪುತ್ತಿರಲಿಲ್ಲ. ಡಬ್ಬಿಯೊಳಗೆ ಸಿಕ್ಕಿಬಿದ್ದ ಕಣಜ ಗುಂಯ್‌ಗುಟ್ಟಿದ ಹಾಗಿರುತ್ತಿತ್ತು. ಕಣ್ಣು ಕಾಣದವರಿಗೆಂದು ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸೌಲಭ್ಯ ಈಗಿನ ಫೋನುಗಳಲ್ಲಿದೆಯಲ್ಲ, ಅದರ ವೇಗವನ್ನು ಅವರು ಏರಿಸಬಹುದಾದಷ್ಟೂ ಏರಿಸಿಟ್ಟಿದ್ದರು. ಅದನ್ನು ಕಿವಿಗಿಟ್ಟುಕೊಂಡು ಪತ್ರಿಕೆಯ ಸುದ್ದಿ, ಹವಾಮಾನ, ಕಾಫಿ ದರ ಎಲ್ಲವನ್ನೂ ಒಂದು ಲೋಟ ಕಾಫಿ ಮುಗಿಯುವುದರೊಳಗೆ ತಿಳಿದುಕೊಂಡುಬಿಡುತ್ತಿದ್ದರು. "ನೀವು ಕಣ್ಣಲ್ಲಿ ಓದೋರು ಭಾರಿ ನಿಧಾನ ಮಾರಾಯ್ತಿ" ಎಂದು ನನ್ನನ್ನು ಛೇಡಿಸುತ್ತಿದ್ದರು.

ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಕಾಲೇಜು ಮಕ್ಕಳ ನೋಟ್ಸು, ಆನ್‌ಲೈನ್ ಅರ್ಜಿ ಇಂಥವೇ ಕೆಲಸ. ಪಕ್ಕದ ಮಳಿಗೆಯಲ್ಲಿ ನಾಗೇಶಣ್ಣನ ಕಾಫಿಪುಡಿ ಅಂಗಡಿ. ಹೈಸ್ಕೂಲಿನಲ್ಲಿರುವಾಗಲೇ ಅವರ ದೃಷ್ಟಿ ಮಂಜಾಗತೊಡಗಿ, ಮೀಸೆ ಬರುವ ಹೊತ್ತಿಗೆ ಪೂರ್ತಿ ಹೋಗಿತ್ತಂತೆ. ಬೀಜ ಹುರಿಯುವ ಡ್ರಮ್ಮಿನ ಪಕ್ಕ ಸ್ಟೂಲು ಹಾಕಿಕೊಂಡು, ತಲೆ ಒಂದಿಷ್ಟು ವಾಲಿಸಿ ಕೂರುತ್ತಿದ್ದರು. ಒಳಗೆ ಬೀಜ ಸಿಡಿಯುವ ಸದ್ದು ಅವರಿಗೆ ಬೇಕಾದ ಹದಕ್ಕೆ ಬಂದ ಕೂಡಲೇ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತಿತ್ತು. ತೂಕ, ಗಲ್ಲಾ ಎಲ್ಲ ಹೆಂಡತಿ ಪದ್ಮಕ್ಕನದು. ಆ ಪರಿಮಳದಲ್ಲಿ ನನ್ನ ಜೆರಾಕ್ಸ್ ಹಾಳೆಗಳೂ ಅದ್ದಿಹೋಗಿ, ಪರೀಕ್ಷೆಯ ಹೊತ್ತಿಗೆ ಮಕ್ಕಳು "ಆಂಟಿ, ನೋಟ್ಸ್ ಮೂಸಿದ್ರೇ ನಿದ್ದೆ ಹಾರಿಹೋಗ್ತದೆ" ಎನ್ನುತ್ತಿದ್ದರು.

ನಮ್ಮ ಸ್ನೇಹ ಗಟ್ಟಿಯಾದದ್ದು ಒಂದು ಸಾವಿನ ಮನೆಯಿಂದ. ಭಂಡಿಗಡಿಯಲ್ಲಿ ನಮ್ಮಿಬ್ಬರಿಗೂ ಪರಿಚಯದ ಹಿರಿಯರೊಬ್ಬರು ತೀರಿಕೊಂಡಿದ್ದರು. ಅಂಗಳದಲ್ಲಿ ಜನ ತಲೆ ತಗ್ಗಿಸಿ ನಿಂತಿದ್ದಾರೆ, ಯಾರ ಬಾಯಲ್ಲೂ ಮಾತಿಲ್ಲ. ಆಗ ನಾಗೇಶಣ್ಣನ ಜೇಬಿನಿಂದ ಜೋರಾಗಿ ಹೊರಟಿತು: "ಅಭಿನಂದನೆಗಳು! ನಿಮಗಾಗಿ ವಿಶೇಷ ಬಹುಮಾನ ಕಾದಿದೆ!" ಅಂದು ಪದ್ಮಕ್ಕ ಅದರ ವೇಗ ಇಳಿಸಿ ತಾನು ಏನನ್ನೋ ಕೇಳಿದ್ದಳಂತೆ, ಹಾಗಾಗಿ ಒಂದೊಂದು ಅಕ್ಷರವೂ ಎಲ್ಲರಿಗೂ ಸ್ಪಷ್ಟವಾಗಿ ಕೇಳಿತು. ನಾಗೇಶಣ್ಣ ಜೇಬನ್ನು ಎರಡೂ ಕೈಯಲ್ಲಿ ಅದುಮಿಕೊಂಡು ರಸ್ತೆಗೆ ಹೋಗಿ ನಿಂತರು. ಹಿಂದೆಯೇ ಹೋಗಿ ನೋಡಿದರೆ ಮುಖ ಕೆಂಪಾಗಿತ್ತು.

"ನಿಮಗಾದ್ರೆ ಜಾಹೀರಾತು ಬಂದ್ರೆ ಬೆರಳಲ್ಲಿ ತಳ್ಳಿದ್ರೆ ಆಯ್ತು. ನನಗೆ ಅದು ಬಾಯಿ ಬಿಟ್ಟು ಕೂಗ್ತದೆ. ದಿನಾ ಎಷ್ಟು ಸಲ! ತೆಗೆಯಕ್ಕೆ ಹೋದ್ರೆ 'ಈ ಆ್ಯಪ್ ತೆಗೆಯಲು ಅನುಮತಿ ಇಲ್ಲ' ಅಂತದೆ. ನನ್ನ ಫೋನಲ್ಲಿ ನನಗೇ ಅನುಮತಿ ಇಲ್ವಂತೆ!" ಎಂದರು.

ಅನುಮತಿ ಪಡೆಯುವ ದಾರಿಯನ್ನು ಅವರೇ ಹುಡುಕಿಕೊಂಡರು. ಅವರಂತೆಯೇ ಕಣ್ಣು ಕಾಣದ ಗೆಳೆಯರ ಗುಂಪೊಂದು ಫೋನಿನಲ್ಲಿತ್ತು. ಅಲ್ಲಿ ಎಲ್ಲರೂ ಬರೆಯುವ ಬದಲು ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಫೋನನ್ನು 'ರೂಟ್' ಮಾಡಿದರೆ, ಅಂದರೆ ಕಂಪನಿ ತನ್ನ ಕೈಯಲ್ಲಿಟ್ಟುಕೊಂಡ ಒಳಗಿನ ಯಜಮಾನಿಕೆಯನ್ನು ನಾವು ತೆಗೆದುಕೊಂಡರೆ, ಬೇಡದ ಆ್ಯಪ್‌ಗಳನ್ನು ಕಿತ್ತು ಹಾಕಬಹುದು ಎಂದು ಅಲ್ಲಿ ತಿಳಿಯಿತು. ಗ್ಯಾರಂಟಿ ಹೋಗುತ್ತದೆ, ಬ್ಯಾಂಕಿನ ಆ್ಯಪ್ ಮುನಿಸಿಕೊಳ್ಳುತ್ತದೆ ಎಂಬುದೂ ತಿಳಿಯಿತು. "ಬ್ಯಾಂಕು ಪದ್ಮನ ಫೋನಲ್ಲಿರ್ಲಿ. ನನ್ನ ಫೋನಲ್ಲಿ ನೆಮ್ಮದಿ ಇರ್ಲಿ" ಎಂದು ತೀರ್ಮಾನಿಸಿ ನನ್ನ ಅಂಗಡಿಗೆ ಬಂದರು. "ನಿನ್ನ ಕಣ್ಣು ಸ್ವಲ್ಪ ಬೇಕಿತ್ತು ಮಾರಾಯ್ತಿ. ನಡುವೆ ಒಂದಷ್ಟು ಹೊತ್ತು ಫೋನು ಮೂಕಾಗ್ತದೆ. ಆವಾಗ ಪರದೇಲಿ ಬಂದದ್ದನ್ನ ಬಂದ ಹಾಗೆ ಓದು. ನಿನಗೆ ಅರ್ಥ ಆಗದೇ ಇದ್ರೂ ಅಡ್ಡಿಲ್ಲ, ನಡುವೆ ಒಂದಕ್ಷರ ಬಿಡಬೇಡ."

ಹೀಗೆ ನಾನು ಅವರ ಕಣ್ಣಾದೆ. ಆ ಕೆಲಸ ಒಂದು ದಿನಕ್ಕೆ ಮುಗಿಯಲಿಲ್ಲ. ರೂಟ್ ಮಾಡಿದ ಫೋನಿಗೆ ಕಂಪನಿಯಿಂದ ಇಂಟರ್ನೆಟ್ಟಿನಲ್ಲಿ ಬರುವ ಅಪ್‌ಡೇಟನ್ನು ಹಾಗೇ ಹಾಕಿಕೊಳ್ಳುವಂತಿಲ್ಲ ಎಂಬುದು ಆಮೇಲೆ ತಿಳಿಯಿತು. ಫೋನು ಎದ್ದೇಳುವಾಗ ಎಲ್ಲಕ್ಕಿಂತ ಮೊದಲು ಓದುವ ಫೈಲೊಂದಿದೆ, ಬೂಟ್ ಫೈಲು ಎಂದು ಅದರ ಹೆಸರು. ರೂಟ್ ಎಂದರೆ ಆ ಫೈಲನ್ನು ತಿದ್ದಿರುವುದು. ತಿದ್ದಿದ್ದು ಕಣ್ಣಿಗೆ ಬಿದ್ದರೆ ಅಪ್‌ಡೇಟು ಮುಂದುವರಿಯಲು ಒಪ್ಪುವುದಿಲ್ಲ. ಹಾಗಾಗಿ ಮೊದಲು ಕಂಪನಿಯ ಅಸಲಿ ಫೈಲನ್ನು ಅದರ ಜಾಗದಲ್ಲಿ ಇಟ್ಟು, ಅಪ್‌ಡೇಟನ್ನು ಇಳಿಸಿಕೊಂಡು, ಅದು 'ರೀಸ್ಟಾರ್ಟ್ ಮಾಡಲೇ?' ಎಂದು ಕೇಳಿದಾಗ ಹೂಂ ಅನ್ನದೆ, ಹೊಸದಾಗಿ ಬಂದ ಬೂಟ್ ಫೈಲನ್ನು ಮತ್ತೆ ತಿದ್ದಿ, ಆಮೇಲೆ ರೀಸ್ಟಾರ್ಟ್ ಕೊಡಬೇಕು. ನಾಗೇಶಣ್ಣ ಇದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಿದ್ದರು. "ಕಂಪನಿಯೋರು ಮನೆ ನೋಡಕ್ಕೆ ಬರುವಾಗ ಬಾಗಿಲಿಗೆ ಅವರ ಬೀಗವೇ ಇರಬೇಕು. ಅವರು ಅಂಗಳ ದಾಟುವ ಮುಂಚೆ ನಮ್ಮ ಬೀಗ ಹಾಕಬೇಕು. ದಾಟಿದ ಮೇಲೆ ಹಾಕ್ತೇನೆ ಅಂದ್ರೆ ಎರಡು ಕೆಲಸ ಆಗ್ತದೆ."

ಅಪ್‌ಡೇಟಿನ ದಿನ ಅವರಿಗೆ ಒಂದು ಬಗೆಯ ವ್ರತ. ಹುರಿಯುವುದಿಲ್ಲ, ಗಿರಾಕಿಗಳ ಜೊತೆ ಹರಟುವುದಿಲ್ಲ. ಎಲ್ಲ ಮುಗಿದು ರೀಸ್ಟಾರ್ಟ್ ಕೊಟ್ಟ ಮೇಲೆ ಫೋನನ್ನು ನನ್ನ ಮೇಜಿನ ಮೇಲಿಟ್ಟು, ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂರುತ್ತಿದ್ದರು.

"ಎಂತ ಕಾಣ್ತದೆ?"

"ಕಂಪನಿ ಹೆಸರು."

"ಈಗ?"

"ಅದೇ."

"ಅಲುಗಾಡ್ತಾ ಉಂಟಾ, ಸುಮ್ನೆ ನಿಂತಿದೆಯಾ?"

ನನಗದು ಒಂದು ಯಂತ್ರ ಆರಿ ಹೊತ್ತಿಕೊಳ್ಳುವ ಹೊತ್ತು, ಅಷ್ಟೆ. ಅವರಿಗೆ ಮಾತ್ರ ಆ ಹೊತ್ತಿನಲ್ಲಿ ಜಗತ್ತಿನ ಸುದ್ದಿಯೆಲ್ಲ ನಿಂತುಹೋಗಿರುತ್ತಿತ್ತು. ಕೊನೆಗೊಮ್ಮೆ ಕಣಜ ಗುಂಯ್ ಎಂದಾಗ ಭುಜ ಸಡಿಲಿಸಿ, "ಪದ್ಮಾ, ಕಾಫಿ ಮಾಡು" ಎಂದು ಗೋಡೆಯಾಚೆಗೆ ಕೂಗುತ್ತಿದ್ದರು.

ಅವರಿಗೆ ತಮ್ಮ ತಿಳಿವಳಿಕೆಯ ಬಗ್ಗೆ ಹೆಮ್ಮೆ ಇರಲಿಲ್ಲ ಎಂದರೆ ಸುಳ್ಳಾದೀತು. ಗುಂಪಿನಲ್ಲಿ ಯಾರೇ ಪ್ರಶ್ನೆ ಕೇಳಲಿ, ಡ್ರಮ್ಮು ತಿರುಗುತ್ತಿರುವಾಗಲೇ ಫೋನು ಬಾಯಿಗೆ ಹಿಡಿದು ಉತ್ತರ ಕೊಡುತ್ತಿದ್ದರು. ಅರ್ಧ ಪ್ರಶ್ನೆಗೇ ಪೂರ್ತಿ ಉತ್ತರ ಸಿದ್ಧವಾಗಿರುತ್ತಿತ್ತು. ಆ ಗುಂಪಿನಲ್ಲಿ ಸ್ಮಿತಾ ಎಂಬ ಹುಡುಗಿಯಿದ್ದಳು. ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಶೃಂಗೇರಿಯ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದಳು. ಅವಳ ಫೋನನ್ನೂ ರೂಟ್ ಮಾಡಿಕೊಟ್ಟವರು ನಾಗೇಶಣ್ಣನೇ. ಅವಳ ಪಠ್ಯಗಳು ಕೇಳುವ ರೂಪದಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ಹಾಸ್ಟೆಲಿನ ಗೆಳತಿಯರು ಸರದಿಯ ಮೇಲೆ ಪಾಠಗಳನ್ನು ಗಟ್ಟಿಯಾಗಿ ಓದಿ ಅವಳ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಇಡೀ ವರ್ಷದ ಓದು ಅದರಲ್ಲಿತ್ತು, ಬೇರೆಲ್ಲೂ ಇರಲಿಲ್ಲ.

ಪರೀಕ್ಷೆಗೆ ಸ್ವಲ್ಪ ದಿನವಿದೆ ಎನ್ನುವಾಗ ಒಂದು ಬೆಳಿಗ್ಗೆ ಅವಳ ಕರೆ ಬಂತು. ಅಸಲಿ ಫೈಲು ಇಟ್ಟು ಅಪ್‌ಡೇಟು ಇಳಿಸಿಕೊಂಡಿದ್ದೆ, ಮತ್ತೆ ತಿದ್ದುವ ಮೊದಲೇ ಫೋನು ತಾನಾಗಿ ರೀಸ್ಟಾರ್ಟ್ ಆಗಿಬಿಟ್ಟಿದೆ, ರೂಟ್ ಹೋಗಿದೆ, ಜಾಹೀರಾತಿನ ಆ್ಯಪ್‌ಗಳು ಮತ್ತೆ ಬಂದು ಕೂತಿವೆ. ಗೆಳತಿಯ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಬೂಟ್ ಫೈಲು ಹಾಕುತ್ತೇನೆ, ಯಾವುದನ್ನು ಹಾಕಲಿ ಎಂದು ಕೇಳಿದಳು. ಡ್ರಮ್ಮಿನೊಳಗೆ ಬೀಜ ಸಿಡಿಯತೊಡಗಿತ್ತು. ನಾಗೇಶಣ್ಣನ ಗಮನವೆಲ್ಲ ಅತ್ತ. "ಹೋದ ಸಲ ನಾನು ಕಳಿಸಿದ್ದೇ ಇದೆಯಲ್ಲ, ಅದನ್ನೇ ಹಾಕು. ಆಗ್ತದೆ" ಎಂದುಬಿಟ್ಟರು.

ಆಗಲಿಲ್ಲ. ಹೊಸ ವ್ಯವಸ್ಥೆಗೆ ಹಳೆಯ ಬೂಟ್ ಫೈಲು ಹೊಂದಲಿಲ್ಲ. ಮಧ್ಯಾಹ್ನ ಅವಳು ಗೆಳತಿಯ ಫೋನಿನಿಂದ ಕರೆ ಮಾಡಿದಳು. ಫೋನು ಕಂಪನಿಯ ಹೆಸರು ತೋರಿಸಿ ಆರುತ್ತದೆ, ಮತ್ತೆ ತೋರಿಸಿ ಆರುತ್ತದೆ. ಪೇಟೆಯ ಮೊಬೈಲ್ ಅಂಗಡಿಗೆ ಒಯ್ದರೆ, ಎಲ್ಲ ಅಳಿಸಿ ರೀಸೆಟ್ ಮಾಡಿದರೆ ಸರಿಯಾಗುತ್ತದೆ ಎಂದರಂತೆ.

ನಾಗೇಶಣ್ಣ ಡ್ರಮ್ಮು ನಿಲ್ಲಿಸಿದರು. ಅರ್ಧ ಹುರಿದ ಬೀಜವನ್ನು ಅದರಲ್ಲೇ ಬಿಟ್ಟು, ಕೋಲು ಊರುತ್ತ ನನ್ನ ಬಾಗಿಲಿಗೆ ಬಂದರು. "ಆ ಮಗುವಿನ ಫೋನು ಹಾಳು ಮಾಡಿಟ್ಟಿದ್ದೇನೆ. ಹೊಸ ಅಪ್‌ಡೇಟಿನ ಪೂರ್ತಿ ಫೈಲು ಇಳಿಸು. ಆಮೇಲೆ ನಿನ್ನ ಲ್ಯಾಪ್‌ಟಾಪೂ ಬೇಕು, ನೀನೂ ಬರಬೇಕು." ಆ ದೊಡ್ಡ ಫೈಲು ಇಳಿಯುವವರೆಗೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತೇ ಇದ್ದರು. ಪದ್ಮಕ್ಕ ಊಟಕ್ಕೆ ಕರೆದರೂ ಏಳಲಿಲ್ಲ.

ಹರಿಹರಪುರದ ಮೇಲೆ ಹೋಗುವ ಬಸ್ಸಿನಲ್ಲಿ ಶೃಂಗೇರಿ ತಲುಪಿದೆವು. ಹಾಸ್ಟೆಲಿನ ಹೊರಕೋಣೆಯಲ್ಲಿ ಸ್ಮಿತಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಅಣ್ಣ, ಮುಟ್ಟಿದ್ರೆ ಸುಡ್ತಾ ಇದ್ದು" ಎಂದಳು ತನ್ನ ಹವ್ಯಕ ಕನ್ನಡದಲ್ಲಿ.

"ತಪ್ಪು ನಂದು ಕೂಸೆ, ನಿಂದಲ್ಲ. ಮೊದಲು ಅದನ್ನ ತಿಳ್ಕೊ" ಎಂದರು ನಾಗೇಶಣ್ಣ.

ನಾನು ಪರದೆ ನೋಡಿದೆ. ಎರಡು ಸಾಲುಗಳು ಬಂದು ನಿಂತಿದ್ದವು. ಮತ್ತೆ ಪ್ರಯತ್ನಿಸಿ ಎಂದು ಒಂದು, ಎಲ್ಲ ಮಾಹಿತಿ ಅಳಿಸಿ ಎಂದು ಇನ್ನೊಂದು. ಓದಿ ಹೇಳಿದೆ.

"ಬಣ್ಣ ಯಾವುದರ ಮೇಲಿದೆ?"

"ಅಳಿಸಿ ಅನ್ನುವುದರ ಮೇಲೆ." ಯಾರದೋ ಕೈ ತಾಗಿ ಅಲ್ಲಿಗೆ ಹೋಗಿತ್ತು. ಇನ್ನೊಮ್ಮೆ ಗುಂಡಿ ಒತ್ತಿದ್ದರೆ ವರ್ಷದ ಪಾಠವೆಲ್ಲ ಹೋಗುತ್ತಿತ್ತು. ಸುತ್ತ ನಿಂತಿದ್ದ ಗೆಳತಿಯರು ನೋಡಲು ಬಗ್ಗಿದರು.

"ಯಾರೂ ಮುಟ್ಟಬೇಡಿ" ಎಂದು ನಾಗೇಶಣ್ಣ ಕೈ ಚಾಚಿ ಫೋನು ತೆಗೆದುಕೊಂಡರು. ಅಂಚಿನ ಗುಂಡಿಗಳ ಮೇಲೆ ಬೆರಳಾಡಿಸಿ, ಎರಡನ್ನು ಒಟ್ಟಿಗೆ ಒತ್ತಿ ಹಿಡಿದರು. ಪರದೆ ಕಪ್ಪಾಗಿ, ಕಂಪ್ಯೂಟರಿನ ಮಾತು ಕೇಳುವ ಇನ್ನೊಂದು ಪರದೆ ಬಂತು. ಓದಿದೆ. ಕೇಬಲ್ ಸಿಕ್ಕಿಸಿದರೆ ಲ್ಯಾಪ್‌ಟಾಪಿಗೆ ಫೋನು ಕಾಣಲೇ ಇಲ್ಲ. ನಾನು ಅದನ್ನು ಕಿತ್ತು ಮತ್ತೆ ಮತ್ತೆ ಸಿಕ್ಕಿಸಿದೆ. "ಗಡಿಬಿಡಿ ಬೇಡ ಮಾರಾಯ್ತಿ. ಕೇಬಲ್ ಬದಲಿಸು. ಚಾರ್ಜಿಗೆ ಮಾತ್ರ ಆಗುವಂಥದ್ದು ಇರ್ತದೆ" ಎಂದರು. ಗೆಳತಿಯೊಬ್ಬಳು ಓಡಿಹೋಗಿ ಬೇರೆ ತಂದಳು. ಫೋನು ಕಂಡಿತು. ಅವರು ಒಂದೊಂದೇ ಅಕ್ಷರ ಹೇಳಿದರು, ನಾನು ಒತ್ತಿ, ಒತ್ತಿದ್ದನ್ನು ಮತ್ತೆ ಓದಿ ಹೇಳಿದೆ. ಹೊಸ ಅಪ್‌ಡೇಟಿನ ಅಸಲಿ ಬೂಟ್ ಫೈಲು ಅದರ ಜಾಗಕ್ಕೆ ಹೋಗಿ ಕೂತಿತು. ರೀಸ್ಟಾರ್ಟ್.

ಕಂಪನಿಯ ಹೆಸರು ಬಂತು. ತುಂಬ ಹೊತ್ತು ಅದೇ ಇತ್ತು. ಸ್ಮಿತಾ ನಾಗೇಶಣ್ಣನ ಅಂಗಿಯ ತೋಳು ಹಿಡಿದುಕೊಂಡಿದ್ದಳು. ಆಮೇಲೆ ಫೋನು ಮಾತಾಡಿತು. ಅವಳು ಅದನ್ನು ಕಸಿದುಕೊಂಡು ಯಾವುದೋ ಪಾಠವನ್ನು ಒತ್ತಿದಳು. ಹುಡುಗಿಯೊಬ್ಬಳು ಇತಿಹಾಸ ಓದುತ್ತಿರುವ ದನಿ, ಅದರ ಹಿಂದೆ ಕುಕ್ಕರಿನ ಸೀಟಿ, ಓದುತ್ತಿದ್ದವಳ ನಗು. ಆ ಹುಡುಗಿ ಅಲ್ಲೇ ನಿಂತಿದ್ದಳು. ಮೊದಲು ಅತ್ತವಳು ಅವಳೇ.

ಆ ಪಾಠಗಳನ್ನೆಲ್ಲ ನನ್ನ ಲ್ಯಾಪ್‌ಟಾಪಿಗೂ ಗೆಳತಿಯದಕ್ಕೂ ನಕಲು ಮಾಡಿಸಿದ ಮೇಲೆಯೇ ನಾಗೇಶಣ್ಣ ಎದ್ದರು. "ರೂಟ್ ಇಲ್ಲದೇ ಹೀಗೇ ಬಿಡ್ಲಾ? ಇನ್ನು ನನ್ನನ್ನ ನಂಬ್ತೀಯಾ?" ಎಂದು ಕೇಳಿದರು.

"ಪರೀಕ್ಷೆ ಮುಗೀಲಿ ಅಣ್ಣ, ಆಮೇಲೆ ಆನೇ ಕೊಪ್ಪಕ್ಕೆ ಬತ್ತೆ. ಈ ಬಹುಮಾನದ ಕಾಟ ತಡಿಯಲೆ ಆಗ್ತಿಲ್ಲೆ" ಎಂದಳು.

ವಾಪಸ್ ಬಸ್ಸಿನಲ್ಲಿ ಹರಿಹರಪುರ ದಾಟಿದ ಮೇಲೆ ನಾಗೇಶಣ್ಣ, "ಗೊತ್ತುಂಟು ಅಂತ ಹೇಳಕ್ಕೆ ಬಾಯಿ ಎಷ್ಟು ಬೇಗ ತೆರೀತದೆ ನೋಡು" ಎಂದರು. ಅಂದಿನಿಂದ ಯಾರದೇ ಫೋನಿನ ವಿಷಯಕ್ಕೆ ಕರೆ ಬರಲಿ, ಮೊದಲು ಡ್ರಮ್ಮು ನಿಲ್ಲುತ್ತಿತ್ತು. ಪದ್ಮಕ್ಕ ಗಿರಾಕಿಗಳಿಗೆ "ಸ್ವಲ್ಪ ಕೂರಿ, ಅವರು ಕೇಳಿಸಿಕೊಳ್ತಾ ಇದ್ದಾರೆ" ಎನ್ನುತ್ತಿದ್ದಳು. ಕೆಲವರು ಬೇಸರಿಸಿ ಬೇರೆ ಅಂಗಡಿಗೆ ಹೋದರು. ನಾಗೇಶಣ್ಣ ತಲೆ ಕೆಡಿಸಿಕೊಳ್ಳಲಿಲ್ಲ.

ಹೋದ ಚಳಿಗಾಲದಲ್ಲಿ ನಾಗೇಶಣ್ಣ ತೀರಿಕೊಂಡರು. ಹಿಂದಿನ ದಿನ ಸಂಜೆ ಬಂದು, ಮುಂದೆ ಬರುವ ಫೋನುಗಳಲ್ಲಿ ರೂಟ್ ಮಾಡಲಿಕ್ಕೇ ಬಿಡುವುದಿಲ್ಲವಂತೆ ಎಂದು ಸುದ್ದಿ ಹೇಳಿ ನಕ್ಕಿದ್ದರು. ಬೆಳಿಗ್ಗೆ ಎದೆನೋವು ಎಂದು ಆಸ್ಪತ್ರೆಗೆ ಹೊರಟವರು ದಾರಿಯಲ್ಲೇ ಹೋದರು.

ಕೆಲವು ತಿಂಗಳ ಮೇಲೆ ನರಸಿಂಹರಾಜಪುರದಿಂದ ನನಗೊಂದು ಕರೆ ಬಂತು. ಜೋಸೆಫ್ ಎಂದು ಹೆಸರು, ಬಸ್ ನಿಲ್ದಾಣದ ಹತ್ತಿರ ಪೆಟ್ಟಿಗೆ ಅಂಗಡಿ. ಅವರಿಗೂ ಕಣ್ಣು ಕಾಣದು. "ಅಪ್‌ಡೇಟು ಬಂದಿದೆ ಅಕ್ಕ. ನಾಗೇಶಣ್ಣ ಫೋನು ತೆಗೀತಾ ಇಲ್ಲ. ಅವರೇ ಒಂದ್ಸಲ ನಿಮ್ಮ ನಂಬರ್ ಕೊಟ್ಟಿದ್ರು" ಎಂದರು. ವಿಷಯ ತಿಳಿಸಿದೆ. "ಹಂಗಾದ್ರೆ ಬೇಡ ಬಿಡಿ" ಎಂದರು. ಭಾನುವಾರ ನಾನೇ ಬರುತ್ತೇನೆ ಎಂದೆ.

ಹೋದೆ. ನಾನು ಓದಿದೆ, ಜೋಸೆಫ್ ಮಾಡಿದರು. ಹೆಜ್ಜೆಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಅದೂ ನಾಗೇಶಣ್ಣನ ಮಾತಿನಲ್ಲೇ, ಅದೇ ಎಳೆತದಲ್ಲೇ: "ಈಗ ರೀಸ್ಟಾರ್ಟ್ ಅಂತ ಕೇಳ್ತದೆ, ಒತ್ತಬೇಡ ಮಾರಾಯ." ನಾನು ಕತ್ತೆತ್ತಿ ಅವರ ಮುಖ ನೋಡಿದೆ. ಫೋನು ಸರಿಯಾಗಿ ಎದ್ದಿತು.

ಹೊರಡುವಾಗ ಜೋಸೆಫ್ ಪೆಟ್ಟಿಗೆ ಅಂಗಡಿಯಿಂದ ಇಳಿದು ನನ್ನ ಜೊತೆ ಬಸ್ಸಿಗೆ ಕಾಯುತ್ತ ನಿಂತರು. "ಅಕ್ಕ, ನಾನು ಅವರ ದನಿ ಮಾತ್ರ ಕೇಳಿದೋನು. ನೋಡಕ್ಕೆ ಹ್ಯಾಗಿದ್ರು?" ಎಂದು ಕೇಳಿದರು.

ಇಷ್ಟು ವರ್ಷ ನಾಗೇಶಣ್ಣನಿಗೆ ಏನೇನೋ ಓದಿ ಹೇಳಿದವಳಿಗೆ ಅವರನ್ನೇ ಓದಿ ಹೇಳಬೇಕಾಗಿ ಬಂದದ್ದು ಅದೇ ಮೊದಲು. ತೆಳ್ಳಗಿದ್ದರು, ನನಗಿಂತ ಒಂದು ಗೇಣು ಎತ್ತರ ಎಂದೆ. ಅಂಗಿಯ ಮೊಣಕೈಯಲ್ಲಿ ಯಾವಾಗಲೂ ಕಾಫಿಪುಡಿಯ ಕಲೆ ಇರುತ್ತಿತ್ತು ಎಂದೆ. ಯಾರಾದರೂ ಮಾತಾಡುತ್ತಿದ್ದರೆ ಎಡಗಡೆಯ ಹುಬ್ಬು ಸ್ವಲ್ಪ ಮೇಲೇರುತ್ತಿತ್ತು, ನಗುವಾಗ ಮುಖವನ್ನು ಆಕಾಶಕ್ಕೆ ಎತ್ತುತ್ತಿದ್ದರು ಎಂದೆ. ಕೊಪ್ಪದ ಬಸ್ಸು ಬಂದು ನಿಂತಿತು. "ಈ ಬಸ್ಸು ಹೋಗಲಿ ಬಿಡಿ" ಎಂದು ನಾನು ನಾಗೇಶಣ್ಣನ ಬಗ್ಗೆ ಹೇಳುವುದನ್ನು ಮುಂದುವರಿಸಿದೆ.