ರಾಜೇಸಾಬನ ಬಲಗಣ್ಣು

ರಾಜೇಸಾಬ, ನನ್ನ ಕಣ್ಣು ಎಂದೂ ನೆಟ್ಟಗಾಗಿರಲಿಲ್ಲ. ಆಗಿದೆ ಎಂದು ನಿನಗೆ ಹೇಳಿದ್ದು ಸುಳ್ಳು — ತಿಳಿದೂ ತಿಳಿದೂ ಹೇಳಿದ ಸುಳ್ಳು.

ನಿನಗೂ ನನಗೂ ಒಂದೇ ಕಾಟವಿತ್ತು. ಕಣ್ಣ ಮುಂದೆ ಕರಿ ಎಳೆಗಳು, ನೊಣದಂಥ ಚುಕ್ಕೆಗಳು ತೇಲುವುದು. ಕುಳಗೇರಿ ಕ್ರಾಸಿನಲ್ಲಿ ನನ್ನ ಬಸ್ಸು ನಿಂತಾಗಲೆಲ್ಲ ನೀನು ಅಂಗಡಿಯ ಬೋರ್ಡು ಬರೆಯುವುದನ್ನು ಬಿಟ್ಟು ಬರುತ್ತಿದ್ದೆ. "ಇವತ್ತ ಎಷ್ಟ ನೊಣಾ ಹಾರಿದ್ವಲೇ ಸಂಗಪ್ಪಾ?" ಎಂದು ನಗುತ್ತಿದ್ದೆ. ನನಗೆ ನಗು ಬರುತ್ತಿರಲಿಲ್ಲ. ಎಂಬತ್ತನೇ ಇಸವಿಯ ಸುಮಾರಿಗೆ ನಾನು ದೂರದ ದೊಡ್ಡ ದವಾಖಾನೆಗೆ ಹೋಗಿ ಬಲಗಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದೆ.

ಎಳೆಗಳು ಹೋದವು, ಅದು ಖರೆ. ಆದರೆ ಬೇರೆಯವು ಬಂದವು — ಕಣ್ಣಂಚಿನಲ್ಲಿ ಮಿಂಚು, ನಡುವೆ ಸೊಟ್ಟಗಾಗುವ ತಂತಿಕಂಬ, ಎದುರು ಬರುವ ಲಾರಿಯ ದೀಪ ಒಡೆದು ಹತ್ತಾಗುವುದು. ಎಡಗಣ್ಣನ್ನೇ ನಂಬಿ ಬಾದಾಮಿ ಬಸ್ಸು ಓಡಿಸಿದೆ. ಹಿಂದೆ ಕೂತವರ ಜೀವ... ಆ ಪಾಪವೂ ನನ್ನದೇ. ಬಾಯಿಬಿಟ್ಟರೆ ನೌಕರಿ ಹೋಗುತ್ತಿತ್ತು. ಹೆಂಡತಿಗೂ ಹೇಳಲಿಲ್ಲ.

ನಿನ್ನ ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ನಿನ್ನ ಅಕ್ಷರಗಳೆಲ್ಲ ಬಲಗಣ್ಣೊಂದರ ದುಡಿಮೆ. ಆ ಕಣ್ಣಿಗೆ ಆಪರೇಷನ್ ಬೇಡವೇ ಬೇಡ ಎಂದು ನಿನ್ನ ಹೆಂಡತಿ ಹಜರತ್‌ಬೀ ಹಟ ಹಿಡಿದಿದ್ದಳು. ನೀನು ಬಸ್ಸಿನ ಬಾಗಿಲಿಗೆ ಬಂದು ಕೇಳಿದೆ: "ಖರೆ ಹೇಳಪಾ, ನಿನಗ ಸ್ವಚ್ಛ ಕಾಣ್ತೈತೇನು?"

"ಕನ್ನಡಿ ಆಗೇತಿ ನೋಡು," ಎಂದೆ.

ಪಕ್ಕದಲ್ಲಿ ಕಂಡಕ್ಟರ್ ನಿಂತಿದ್ದ, ಅದಕ್ಕೇ ಹಾಗೆ ಹೇಳಿದೆ — ಬಹಳ ವರ್ಷ ನನಗೆ ನಾನೇ ಹೀಗೆ ಸಮಾಧಾನ ಹೇಳಿಕೊಂಡೆ. ಆದರೆ ದವಾಖಾನೆಗೆ ನಿನ್ನ ಜೊತೆ ಬಂದವನು ನಾನೇ ಅಲ್ಲವೇ? ಅಲ್ಲಿ ಯಾವ ಕಂಡಕ್ಟರ್ ಇದ್ದ?

"ಇರೋದು ಒಂದ ಛಲೋ ಕಣ್ಣು. ಇನ್ನೊಮ್ಮೆ ವಿಚಾರ ಮಾಡ್ರಿ," ಎಂದರು ಡಾಕ್ಟರು. ನೀನು ನನ್ನ ಭುಜ ಹಿಡಿದು ಮುಂದಕ್ಕೆ ಎಳೆದೆ. "ಇವನ್ನ ನೋಡ್ರಿ ಸಾಹೇಬ್ರ, ಬಸ್ ಹೊಡೀತಾನ!" ಡಾಕ್ಟರು ನನ್ನತ್ತ ತಿರುಗಿದರು. ಒಂದು ಮಾತು ಸಾಕಿತ್ತು — ಒಂದೇ ಮಾತು.

"ಏನೂ ತ್ರಾಸಿಲ್ರಿ," ಎಂದೆ.

ಆಪರೇಷನ್ ಆದ ಮೂರನೆಯ ವಾರ, ಕಣ್ಣಿಗೆ ಕರಿ ಪರದೆ ಏರುತ್ತಿದೆ ಎಂದು ನೀನು ಹೇಳಿ ಕಳಿಸಿದೆ. ಓಡಿದೆವು. ಕಣ್ಣಿನ ಹಿಂಬದಿಯ, ನೋಟ ಹಿಡಿಯುವ ಪದರವೇ ಕಳಚಿತ್ತು. ಮತ್ತೆ ಕೊಯ್ದರೂ ಉಳಿಯಲಿಲ್ಲ. ಅರ್ಧ ಬರೆದ ಬೋರ್ಡನ್ನು ಬೇರೆಯವರು ಬಂದು ಮುಗಿಸಿದರು. ನೀನು ಗೋಡೆ ಹಿಡಿದು ನಡೆಯುವುದನ್ನು ಕಲಿತೆ.

ಬೈಯುತ್ತೀಯ ಎಂದುಕೊಂಡು ನಿನ್ನ ಮನೆಗೆ ಬಂದೆ. ನೀನು ಅಂದದ್ದು ಇಷ್ಟೇ: "ನಿನಗರ ಛಲೋ ಆತಲ್ಲ, ಸಾಕು ಬಿಡು. ನನ್ನ ನಸೀಬ."

ಆಗಲೂ ನಾನು ಸುಮ್ಮನಿದ್ದೆ. ಮೊದಲ ಸುಳ್ಳಿಗೆ ಹೆದರಿಕೆ ಎಂಬ ಹೆಸರಾದರೂ ಇತ್ತು. ಇದಕ್ಕೆ...

ಬೆನ್ನುನೋವೆಂದು ಸುಳ್ಳು ಹೇಳಿ ಆಮೇಲೆ ಸ್ಟೇರಿಂಗ್ ಬಿಟ್ಟೆ. ಅದರಿಂದ ನಿನಗೇನು ಬಂತು?

ಇದನ್ನು ಟಪಾಲಿಗೆ ಹಾಕಬೇಕೆಂದು ಬರೆಯಲು ಕೂತೆ. ಆದರೆ ಓದಿ ಹೇಳಬೇಕಾದವಳು ನಿನ್ನ ಮಗಳು — ನನ್ನನ್ನು ಕಾಕಾ ಎನ್ನುವವಳು. ಅವಳ ಬಾಯಿಂದ ಇದನ್ನು ಹೇಳಿಸಲಾರೆ. ನಾಳೆ ನಾನೇ ಬರುತ್ತೇನೆ. ನೀನು ದನಿ ಗುರುತಿಸಿ, ಚಹಾ ಇಡಲು ಹಜರತ್‌ಬೀಗೆ ಹೇಳುತ್ತೀಯ. ಅದನ್ನು ಕುಡಿಯುವ ಮೊದಲೇ ಹೇಳಿಬಿಡಬೇಕು.